ಎರಡನೆಯ ಗೆರೆ

ಸೆಲ್ವಿಯ ಕೈಚೀಲವನ್ನು ಮೊದಲ ಸಲ ಮೇಜಿನ ಮೇಲೆ ಬೋರಲು ಹಾಕಿದ್ದು ಹೋದ ವರ್ಷ ಯುಗಾದಿಯಾದ ಮೂರನೆಯ ದಿನ, ಸಂಜೆ ಐದೂವರೆಗೆ, ಮನೆಗೆ ಹೊರಟಿದ್ದ ಮೂವತ್ತು ಜನರ ಎದುರಿಗೆ. ಬಾಚಣಿಗೆ ಬಿತ್ತು. ಅಪ್ಪನ ಉಬ್ಬಸದ ಮಾತ್ರೆ ಬಿತ್ತು. ಪೇಪರಿನಲ್ಲಿ ಸುತ್ತಿಟ್ಟಿದ್ದ, ಗಂಡಸರ ಕಣ್ಣಿಗೆ ಬೀಳಬಾರದ ವಸ್ತುವೂ ಬಿತ್ತು. ಗೇಟು ಕಾಯುವ ಕೆಂಪಮ್ಮ ಖಾಲಿ ಊಟದ ಡಬ್ಬಿಯನ್ನು ತಲೆಕೆಳಗು ಮಾಡಿ ತಳಕ್ಕೆ ಎರಡು ಸಲ ಬಡಿದಳು. ಒಂದು ಅನ್ನದ ಅಗುಳು ಉದುರಿತು.

"ಬೇಜಾರ್ ಮಾಡ್ಕಬ್ಯಾಡಕ್ಕ," ಅಂದಳು ಕೆಂಪಮ್ಮ, ತಲೆ ಎತ್ತದೆ. "ದೊಡ್ಡೋರು ಏಳವ್ರೆ. ನಿಂದು ಮಾತ್ರ ದಿನಾ ನೋಡು ಅಂದವ್ರೆ."

ಕೆಜಿಎಫ್‌ನಿಂದ ಬಂಗಾರಪೇಟೆಗೆ ಹೋಗುವ ರಸ್ತೆಯಲ್ಲಿದ್ದ ಆ ಖಾಸಗಿ ಪ್ರಯೋಗಾಲಯದಲ್ಲಿ ಸೆಲ್ವಿ ಹನ್ನೊಂದು ವರ್ಷದಿಂದ ಸ್ಟೋರ್ ನೋಡಿಕೊಳ್ಳುತ್ತಿದ್ದಳು. ಜನ ತಿನ್ನುವ ಕಾಳು, ಎಣ್ಣೆ, ದನ ಕೋಳಿಗಳ ಮೇವು, ಇವುಗಳನ್ನು ಪರೀಕ್ಷಿಸುವ ಜಾಗ ಅದು. ಆ ವಾರ ಮುಸುಕಿನ ಜೋಳದ ಒಂದು ಮೂಟೆ ಲೆಕ್ಕಕ್ಕೆ ಸಿಕ್ಕಿರಲಿಲ್ಲ. ಡೈರೆಕ್ಟರ್ ಡಾಕ್ಟರ್ ವೇಣುಗೋಪಾಲ್ ಅವಳನ್ನು ಕೋಣೆಗೆ ಕರೆಯುವ ಸೌಜನ್ಯವನ್ನೂ ತೋರಿಸಲಿಲ್ಲ. ಬೆಳಗಿನ ಸಭೆಯಲ್ಲೇ, ಎಲ್ಲರೂ ಕೂತಿದ್ದಾಗ, ಚಹಾ ಕುಡಿಯುತ್ತಾ ಹೇಳಿದ್ದ.

"ಸ್ಟೋರಿನ ಕೀ ಇರೋದು ನಿಮ್ಮ ಹತ್ತಿರ. ಮೂಟೆಗೆ ಕಾಲು ಬರಲ್ಲ. ಈ ಊರಿನ ಕತೆ ನನಗೂ ಗೊತ್ತಮ್ಮ. ಗಣಿಯಿಂದ ಚಿನ್ನಾನ ಬಾಯಲ್ಲಿಟ್ಟುಕೊಂಡು ಮೇಲೆ ಬಂದ ಜನ. ನಿಮಗೆ ಜೋಳ ಯಾವ ಲೆಕ್ಕ?"

ಇಬ್ಬರು ಮೂವರು ನಕ್ಕರು. ಒಂಬತ್ತು ದಿನದ ನಂತರ ಆ ಮೂಟೆ ಮೇವು ಕಲಸುವ ಕೋಣೆಯಲ್ಲಿ, ಯಂತ್ರದ ಹಿಂದೆ, ಗೋಡೆಗೆ ಒರಗಿಕೊಂಡು ಸಿಕ್ಕಿತು. ಅದನ್ನು ಅಲ್ಲಿ ಇಡಿಸಿದ್ದವನು ವೇಣುಗೋಪಾಲನೇ, ಮರೆತುಬಿಟ್ಟಿದ್ದ. ಅವನು ಕ್ಷಮೆ ಕೇಳಲಿಲ್ಲ. ನಕ್ಕವರೂ ಕೇಳಲಿಲ್ಲ. ಗೇಟಿನ ತಪಾಸಣೆಯೂ ನಿಲ್ಲಲಿಲ್ಲ. ಯಾಕೆಂದು ಸೆಲ್ವಿ ಕೇಳಿದಾಗ, "ಒಂದು ಸಲ ರೂಲ್ಸ್ ಅಂತ ಮಾಡಿದ ಮೇಲೆ ಆಯ್ತು," ಅಂದ. ಅಷ್ಟೇ.

ಸೆಲ್ವಿಯ ಅಪ್ಪ ಮೈಸೂರು ಮೈನ್ಸಿನಲ್ಲಿ ಇಪ್ಪತ್ತೇಳು ವರ್ಷ ನೆಲದಡಿ ದುಡಿದವನು. ಪ್ರತಿ ಪಾಳಿ ಮುಗಿದ ಮೇಲೆ ಬಟ್ಟೆ ಬಿಚ್ಚಿಸಿ, ಬಾಯಿ ತೆರೆಸಿ, ಕೂರಿಸಿ ಏಳಿಸಿ ನೋಡಿಯೇ ಹೊರಗೆ ಬಿಡುತ್ತಿದ್ದರಂತೆ. ಗಣಿ ಮುಚ್ಚಿ ಇಷ್ಟು ವರ್ಷವಾದರೂ ಆ ಮಾತು ಬಂದರೆ ಮುದುಕನ ದವಡೆ ಬಿಗಿಯುತ್ತಿತ್ತು. ಅವಳು ಬಿಎಸ್ಸಿ ಸೇರಿದ ದಿನ, ಗಣಿ ಕಾರ್ಮಿಕರ ಕಾಲೋನಿ ಕೋರಮಂಡಲ್‌ನ ತಗಡಿನ ಸೂರಿನ ಆ ಮನೆಯಲ್ಲಿ ಕೂತು ಅವನು ಹೇಳಿದ್ದು ಒಂದೇ ಮಾತು. "ಓದಿಕೋ ಮಾ. ಓದಿದವರ ಚೀಲಕ್ಕೆ ಯಾರೂ ಕೈ ಹಾಕಲ್ಲ."

ಗೇಟಿನ ವಿಷಯ ಅವಳು ಅಪ್ಪನಿಗೆ ಹೇಳಲಿಲ್ಲ. ಹದಿನಾಲ್ಕು ತಿಂಗಳು, ದಿನವೂ ಸಂಜೆ, ಚೀಲ ಬಿಚ್ಚಿ ತೋರಿಸಿ ಮನೆಗೆ ಬಂದು, ಅಡುಗೆಗೆ ನಿಂತಳು. ಸಿಟ್ಟು ಆರಲಿಲ್ಲ. ಆರಬೇಕೆಂದು ಅವಳಿಗೂ ಇರಲಿಲ್ಲ.

ಈ ವರ್ಷದ ಬೇಸಿಗೆಯಲ್ಲಿ ಕುಲಾಂತರಿ ಮುಸುಕಿನ ಜೋಳದ ಕೆಲಸ ಪ್ರಯೋಗಾಲಯಕ್ಕೆ ಬಂತು.

ಯಾವುದೋ ಬೀಜದ ಕಂಪನಿ ಮಣ್ಣಿನ ಸೂಕ್ಷ್ಮಜೀವಿಯೊಂದರ ವಂಶವಾಹಿಯನ್ನು ಜೋಳಕ್ಕೆ ಸೇರಿಸಿತ್ತು. ಸುಳಿಯೊಳಗೆ ಕೂತು ಮೇಯುವ ಹುಳು ಆ ಗಿಡವನ್ನು ಕಚ್ಚಿದರೆ ಸಾಯುತ್ತದೆ. ಹುಳು ಸಾಯುತ್ತದೆ ಸರಿ, ಅದೇ ಜೋಳವನ್ನು ತಿಂದ ಮನುಷ್ಯನಿಗೆ ಏನೂ ಆಗುವುದಿಲ್ಲವೇ, ಹಸುವಿಗೆ, ಕೋಳಿಗೆ ಏನೂ ಆಗುವುದಿಲ್ಲವೇ? ಅದಕ್ಕೆ ಉತ್ತರ ಹುಡುಕುವುದೇ ಕೆಲಸ. ಎಂಬತ್ತು ಇಲಿಗಳು. ನಲವತ್ತಕ್ಕೆ ಹೊಸ ಜೋಳದ ಹಿಟ್ಟು, ನಲವತ್ತಕ್ಕೆ ಅದೇ ತಳಿಯ ಮಾಮೂಲಿ ಜೋಳದ ಹಿಟ್ಟು. ಹದಿಮೂರು ವಾರ ತಿನ್ನಿಸಿ, ತೂಕ ನೋಡಿ, ರಕ್ತ ನೋಡಿ, ಕೊನೆಗೆ ಪಿತ್ತಜನಕಾಂಗ, ಮೂತ್ರಪಿಂಡಗಳನ್ನು ತೆಗೆದು ನೋಡಬೇಕು. ಎರಡು ಗುಂಪಿಗೂ ವ್ಯತ್ಯಾಸ ಕಾಣದಿದ್ದರೆ ಜೋಳ ಪಾಸಾಗುವ ದಾರಿಯಲ್ಲಿ ದೊಡ್ಡದೊಂದು ಮೆಟ್ಟಿಲು ಹತ್ತಿದಂತೆ.

ಹೊಸ ಜೋಳದ ಪಂಜರ, ಡ್ರಮ್ಮು, ಮೂಟೆಗಳಿಗೆಲ್ಲ ಹಳದಿ ಚೀಟಿ. ಮಾಮೂಲಿಗೆ ನೀಲಿ. ಇಲಿಗಳನ್ನು ನೋಡಿಕೊಳ್ಳುತ್ತಿದ್ದ ಮುನಿಲಕ್ಷ್ಮಿ ಹಳದಿಯದಕ್ಕೆ "ಇಂಜೆಕ್ಷನ್ ಜೋಳ" ಎಂದು ಹೆಸರಿಟ್ಟಳು. ಆ ಹೆಸರೇ ಎಲ್ಲರ ಬಾಯಲ್ಲಿ ನಿಂತಿತು.

ಅರವತ್ತು ಪುಟದ ನಿಯಮಾವಳಿ ಬಂದಿತ್ತು. ಬೇರೆಯವರು ಮೊದಲ ಎರಡು ಪುಟ ನೋಡಿ ಸಹಿ ಹಾಕಿದರು. ಸೆಲ್ವಿ ಅಷ್ಟನ್ನೂ ಓದಿದಳು, ಎರಡು ಸಲ. ಹನ್ನೊಂದು ವರ್ಷ ಈ ಕೆಲಸವನ್ನು ಅವಳು ಶ್ರದ್ಧೆಯಿಂದ ಮಾಡಿದ್ದಳು. ಆದರೆ ಈ ಸಲ ಓದಿದ್ದು ಬೇರೆ ಕಣ್ಣಿನಿಂದ. ಇಡೀ ಪ್ರಯೋಗ ಒಂದು ಹೋಲಿಕೆಯ ಮೇಲೆ ನಿಂತಿದೆ ಎಂಬುದು ನಲವತ್ತೊಂದನೆಯ ಪುಟದ ಹೊತ್ತಿಗೆ ಅವಳಿಗೆ ಸ್ಪಷ್ಟವಾಯಿತು. ನೀಲಿ ಹಿಟ್ಟಿನಲ್ಲಿ ಹೊಸ ಜೋಳ ಬೆರೆತಿರಬಾರದು. ಬೆರೆತಿದ್ದರೆ ಹದಿಮೂರು ವಾರದ ಕೆಲಸ ಕಸ. ಕೊನೆಯಲ್ಲಿ ದಿಲ್ಲಿಯ ಸಮಿತಿಯವರು ಬಂದು ನೀಲಿ ಡ್ರಮ್ಮುಗಳಿಂದ ಮಾದರಿ ತೆಗೆದು ಪರೀಕ್ಷಿಸುತ್ತಾರೆ. ಹೊಣೆ ಯಾರದು ಎಂಬುದನ್ನೂ ಅಲ್ಲೇ ಬರೆದಿತ್ತು: ಪ್ರಯೋಗದ ಮುಖ್ಯಸ್ಥನದು, ಅಂದರೆ ವೇಣುಗೋಪಾಲನದು. ಮೇವು ಬೆರಕೆಯಾದರೆ ಮುಖ್ಯಸ್ಥ ಮುಂದೆ ಯಾವ ಪ್ರಯೋಗಕ್ಕೂ ಸಹಿ ಹಾಕುವಂತಿಲ್ಲ.

ಕೊಲ್ಲುವುದು ಬೇಡ, ಕದಿಯುವುದು ಬೇಡ. ವೇಣುಗೋಪಾಲನ ಸಹಿ ಸತ್ತರೆ ಸಾಕು.

ಅವಳು ಅವಸರ ಮಾಡಲಿಲ್ಲ. ಮೊದಲ ವಾರ ಬರೀ ನೋಡಿದಳು. ನೀಲಿ ಹಿಟ್ಟಿನ ಡ್ರಮ್ಮುಗಳು ಇಲಿಮನೆಯ ಪಕ್ಕದ ಕೋಣೆಯಲ್ಲಿದ್ದವು, ಅದಕ್ಕೆ ಬರೀ ಚಿಲಕ. ಹಳದಿಯದಕ್ಕೆ ಬೇರೆ ಕೋಣೆ, ಎರಡು ಬೀಗ, ಬಾಗಿಲಿಗೆ ನೇರವಾಗಿ ಕ್ಯಾಮೆರಾ. ಎರಡು ಕೀಗಳೂ ವೇಣುಗೋಪಾಲನ ಹತ್ತಿರ. ಸೋಮವಾರ ಸೋಮವಾರ ಅವನೇ ಗೌನು ತೊಟ್ಟು ಒಳಗೆ ಹೋಗಿ, ಬಾಗಿಲು ಹಾಕಿಕೊಂಡು, ವಾರದ ಹಿಟ್ಟನ್ನು ತಾನೇ ಕಲಸಿ ಹೊರಗೆ ಕೊಡುತ್ತಿದ್ದ. ಇನ್ನೊಬ್ಬರನ್ನು ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಯಾರನ್ನೂ ನಂಬದ ಮನುಷ್ಯ, ಅಂದುಕೊಂಡಳು ಸೆಲ್ವಿ. ಅವನ ಈ ಜಾಗ್ರತೆಯೇ ಅವನ ಕುತ್ತಿಗೆಗೆ ಬರಲಿ. ಕೀ ಇನ್ನೊಬ್ಬರ ಕೈಗೆ ಹೋಗಿದ್ದರೆ ನಾಳೆ ತಪ್ಪನ್ನು ಅವರ ಮೇಲೆ ಹಾಕಬಹುದಿತ್ತು. ಈಗ ಹಾಗಾಗದು.

ಹಾಗಾದರೆ ಬೆರೆಸಲು ಹೊಸ ಜೋಳ ಎಲ್ಲಿಂದ? ಇಲಿಗಳು ತಿಂದು ಬಿಟ್ಟ ಹಳದಿ ಹಿಟ್ಟು ವಾರಕ್ಕೊಮ್ಮೆ ಅವಳ ಸ್ಟೋರಿಗೇ ಬಂದು, ತೂಕವಾಗಿ, ಸುಡಲು ಹೋಗುತ್ತಿತ್ತು. ಅದರಲ್ಲಿ ಹಿಕ್ಕೆ, ಕೂದಲು. ನೋಡಿದವರಿಗೆ ಎಂಜಲು ಎಂದು ಗೊತ್ತಾಗುತ್ತದೆ. ಬೇಡ ಎಂದು ಬಿಟ್ಟಳು.

ಅವಳಿಗೆ ಅದಕ್ಕಿಂತ ಚೊಕ್ಕವಾದ ದಾರಿ ಇತ್ತು. ಕಂಪನಿಯಿಂದ ಬಂದ ಮೂಟೆಗಳನ್ನು ಸೆಲ್ವಿ ಸಹಿ ಹಾಕಿ ಹಳದಿ ಕೋಣೆಗೆ ಒಪ್ಪಿಸಿದ ದಿನವೇ ಹತ್ತು ಕೆಜಿಯಷ್ಟು ಹೊಸ ಜೋಳವನ್ನು ಬಟ್ಟೆಯ ಚೀಲದಲ್ಲಿ ಹೊಲಿದು, ಬಾಯಿಗೆ ಅರಗಿನ ಮುದ್ರೆ ಒತ್ತಿ, ಮೀಸಲು ಮಾದರಿಯೆಂದು ಎತ್ತಿಟ್ಟಿದ್ದರು. ಮುಂದೆ ಯಾವತ್ತಾದರೂ ತಕರಾರು ಬಂದರೆ ತೆಗೆದು ನೋಡಲು. ಅದು ಮೀಸಲು ಕೋಣೆಯಲ್ಲಿತ್ತು. ಆ ಕೋಣೆಯ ಒಂದೇ ಕೀ ಇದ್ದದ್ದು ಸೆಲ್ವಿಯ ಹತ್ತಿರ. ಮುದ್ರೆ ಇದ್ದದ್ದು ಚೀಲದ ಬಾಯಿಗೆ. ತಳಕ್ಕೆ ಬರೀ ದಾರದ ಹೊಲಿಗೆ.

ಮುಂದಿನ ಭಾನುವಾರ ಅವಳು ಬಸ್ಸು ಹತ್ತಿ ಬಂಗಾರಪೇಟೆಗೆ ಹೋದಳು. ಮನೆಯ ಹತ್ತಿರದ ಆಂಡರ್ಸನ್‌ಪೇಟೆಯ ಅಂಗಡಿಯವರಿಗೆಲ್ಲ ಅವಳ ಗುರುತಿತ್ತು, ಬಂಗಾರಪೇಟೆಯಲ್ಲಿ ಇರಲಿಲ್ಲ. ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಒಂದು ದಬ್ಬಣ, ಅದೇ ದಪ್ಪದ ಬಿಳಿ ದಾರ ಕೊಂಡಳು. ಮೇವಿನ ಅಂಗಡಿಯಲ್ಲಿ ನಾಲ್ಕು ಕೆಜಿ ಮಾಮೂಲಿ ಮುಸುಕಿನ ಜೋಳ ತೂಗಿಸಿ, ಬ್ಯಾಗಿನ ತಳಕ್ಕೆ ಹಾಕಿ, ಮೇಲೆ ಎರಡು ಕಟ್ಟು ದಂಟಿನ ಸೊಪ್ಪು ಇಟ್ಟಳು. ಮೀಸಲು ಚೀಲದಿಂದ ಎಷ್ಟು ತೆಗೆದರೆ ಅಷ್ಟನ್ನು ಇದರಿಂದ ತುಂಬಬೇಕು. ಕಣ್ಣಿಗೆ ಎರಡೂ ಒಂದೇ. ತೂಕ ಗ್ರಾಂ ಕೂಡ ಆಚೀಚೆ ಆಗುವುದಿಲ್ಲ.

ಬಸ್‌ಸ್ಟ್ಯಾಂಡಿನ ಹತ್ತಿರ ಪಾನಿಪುರಿ ಗಾಡಿಯ ಮುಂದೆ ಮುನಿಲಕ್ಷ್ಮಿ ಸಿಕ್ಕಳು. ಹತ್ತಿರದ ಹಳ್ಳಿಯವಳು, ದಿನಗೂಲಿಯ ಮೇಲೆ ಬರುತ್ತಿದ್ದವಳು. ಸೆಲ್ವಿಯನ್ನು ಬಿಡದೆ ಒಂದು ಪ್ಲೇಟು ಕೊಡಿಸಿದಳು.

"ಅಕ್ಕಾ, ಒಂದ್ ವಿಸ್ಯ ಏಳ್ತೀನಿ, ಯಾರ್ಗೂ ಏಳ್ಬ್ಯಾಡ," ಅಂದಳು. "ಈ ಇಲಿ ಕೆಲ್ಸ ಮುಗೀಲಿ, ನಿನ್ನ ಪರ್ಮನೆಂಟ್ ಮಾಡ್ತೀನಿ ಅಂದವ್ರೆ ದೊಡ್ಡೋರು. ಆರ್ ವರ್ಸ ಆಯ್ತು ಕಣಕ್ಕ ನಾನ್ ಬಂದು."

ಸೆಲ್ವಿ ಅರ್ಧ ತಿಂದ ಪ್ಲೇಟನ್ನು ಕೆಳಗಿಟ್ಟಳು. ಪ್ರಯೋಗ ಕೆಟ್ಟರೆ ಮುನಿಲಕ್ಷ್ಮಿಯ ಕೆಲಸವೂ ಹೋಗುತ್ತದೆ. ಬಸ್ಸಿನಲ್ಲಿ ವಾಪಸು ಬರುವಾಗ ಅದನ್ನೇ ಯೋಚಿಸಿದಳು. ಆರು ವರ್ಷ ದಿನಗೂಲಿಯಲ್ಲಿ ಇಟ್ಟುಕೊಂಡವನು ಈಗ ಮಾತ್ರ ಉಳಿಸಿಕೊಳ್ಳುತ್ತಾನೆಯೇ? ಇವಳಿಗೂ ಅವನು ಸುಳ್ಳನ್ನೇ ಹೇಳಿದ್ದಾನೆ. ಹಾಗೆ ಅಂದುಕೊಂಡ ಮೇಲೆ ಸಿಟ್ಟು ಇನ್ನಷ್ಟು ಹೆಚ್ಚಿತು, ಮನಸ್ಸು ಹಗುರವಾಯಿತು.

ಎರಡನೆಯ ವಾರದ ಮಂಗಳವಾರ ಶುರು ಮಾಡಿದಳು.

ಒಳಗೆ ಹೋಗುವವರ ಚೀಲವನ್ನು ಕೆಂಪಮ್ಮ ನೋಡುತ್ತಿರಲಿಲ್ಲ, ಅವಳಿಗೆ ಹೇಳಿದ್ದು ಹೊರಗೆ ಬರುವಾಗ ನೋಡೆಂದು. ಆದ್ದರಿಂದ ಬೆಳಿಗ್ಗೆ ಊಟದ ಡಬ್ಬಿಯ ಕೆಳಗಿನ ಬಟ್ಟಲಲ್ಲಿ ಮುನ್ನೂರು ಗ್ರಾಂ ಮಾಮೂಲಿ ಜೋಳ ಒಳಗೆ ಬಂತು. ಮೀಸಲು ಚೀಲದ ತಳದ ಹೊಲಿಗೆಯನ್ನು ನಾಲ್ಕು ಬೆರಳಷ್ಟು ಬಿಚ್ಚಿ, ಹೊಸ ಜೋಳ ತೆಗೆದು, ಇದನ್ನು ತುಂಬಿ, ಮತ್ತೆ ಅದೇ ತೂತುಗಳಲ್ಲಿ ದಬ್ಬಣ ಹಾಯಿಸಿದಳು. ಮಾದರಿ ಪುಡಿ ಮಾಡುವ ಸಣ್ಣ ಯಂತ್ರ ಸ್ಟೋರಿನಲ್ಲೇ ಇತ್ತು, ದಿನಕ್ಕೆ ಹತ್ತು ಸಲ ಓಡುತ್ತಿತ್ತು. ಹನ್ನೊಂದನೆಯ ಸಲ ಓಡಿದರೆ ಕೇಳುವವರಿಲ್ಲ. ಒಂದೂವರೆಗೆ ಎಲ್ಲರೂ ಊಟಕ್ಕೆ ಹೋದಾಗ ಅವಳು ಡಬ್ಬಿ ಹಿಡಿದು, ಊಟಕ್ಕೇ ಹೊರಟವಳಂತೆ, ನೀಲಿ ಡ್ರಮ್ಮಿನ ಕೋಣೆಗೆ ನಡೆದಳು. ಮುನ್ನೂರು ಗ್ರಾಂ ನೀಲಿ ಹಿಟ್ಟು ಹೊರಗೆ, ಸುಡುವ ಕಸದ ಚೀಲಕ್ಕೆ. ಮುನ್ನೂರು ಗ್ರಾಂ ಹೊಸ ಹಿಟ್ಟು, ಎರಡು ಡ್ರಮ್ಮಿಗೂ ಹಂಚಿ, ಒಳಗೆ. ಉದ್ದನೆಯ ಸೌಟಿನಿಂದ ತಳದವರೆಗೆ ಕಲಕಿದಳು. ಎಲ್ಲಕ್ಕೂ ಹಿಡಿದದ್ದು ಆರು ನಿಮಿಷ.

ಸಂಜೆ ಗೇಟಿನಲ್ಲಿ ಕೆಂಪಮ್ಮ ತೊಳೆದ ಡಬ್ಬಿಯನ್ನು ಬಡಿದು ನೋಡಿದಳು. ಸೆಲ್ವಿಗೆ ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ನಗು ಬಂತು. ಹೊರಗೆ ಹೋಗುವವರನ್ನು ಹುಡುಕುತ್ತಾರೆ ಇವರು. ಒಳಗಿನದು ಒಳಗೇ ನಾಲ್ಕು ಹೆಜ್ಜೆ ಆಚೆ ಹೋದರೆ ಅದನ್ನು ಹುಡುಕಲು ಯಾವ ಗೇಟಿದೆ?

ಮಂಗಳವಾರದ ಮೇಲೆ ಮಂಗಳವಾರ. ನಾಲ್ಕನೆಯ ವಾರ ಕೆಲಸ ಸರಿಯಾಗಿದೆಯೇ ಎಂದು ನೋಡಿಯೂ ಬಿಟ್ಟಳು. ಅದಕ್ಕೆ ಬಳಸುವ ಕಾಗದದ ಪಟ್ಟಿಗಳ ಒಂದು ಡಬ್ಬ, ತಾರೀಕು ಮುಗಿದದ್ದು, ಎಸೆಯಲೆಂದು ಸ್ಟೋರಿನಲ್ಲಿ ಬಿದ್ದಿತ್ತು. ಬಸಿರಿದೆಯೇ ಎಂದು ನೋಡುವ ಪಟ್ಟಿಯಂಥದೇ. ಹಿಟ್ಟನ್ನು ನೀರಲ್ಲಿ ಕದಡಿ ಪಟ್ಟಿಯನ್ನು ಅದ್ದಿದರೆ ಒಂದು ಗೆರೆ ಹೇಗೂ ಮೂಡುತ್ತದೆ, ಪಟ್ಟಿ ಕೆಟ್ಟಿಲ್ಲ ಎಂಬುದಕ್ಕೆ. ಹೊಸ ಜೋಳ ಇದ್ದರೆ ಮಾತ್ರ ಎರಡನೆಯ ಗೆರೆ. ನೀಲಿ ಡ್ರಮ್ಮಿನ ಹಿಟ್ಟಿಗೆ ಅದ್ದಿದಳು. ಐದು ನಿಮಿಷಕ್ಕೆ ಎರಡು ಗೆರೆ, ಗುಲಾಬಿ ಬಣ್ಣದ್ದು, ಕುಂಚದಿಂದ ಎಳೆದಂತೆ. ಪಟ್ಟಿಯನ್ನು ಚೂರು ಮಾಡಿ ಕಮೋಡಿಗೆ ಹಾಕಿ ನೀರು ಬಿಟ್ಟಳು.

ಏಳನೆಯ ವಾರ ತೂಕದ ಪಟ್ಟಿ ಕೊಡಲು ಬಂದ ಮುನಿಲಕ್ಷ್ಮಿ ಅಲ್ಲೇ ಸ್ಟೂಲಿನ ಮೇಲೆ ಕೂತಳು.

"ಇಂಜೆಕ್ಷನ್ ಜೋಳ ತಿಂದೋವುಕ್ಕೂ ನಮ್ ಜೋಳ ತಿಂದೋವುಕ್ಕೂ ಏನೂ ಪರಕಿಲ್ಲ ಕಣಕ್ಕ. ತೂಕಕ್ಕಾಕಿದ್ರೆ ಅಣ್ತಮ್ಮಂದ್ರ ತರ ಬತ್ತವೆ. ದೊಡ್ಡೋರು ನೋಡಿ ಕುಸಿಯಾಗವ್ರೆ."

"ಖುಷಿಯಾಗಿರಲಿ ಬಿಡು," ಅಂದಳು ಸೆಲ್ವಿ.

ಒಂದು ವಿಷಯ ಮಾತ್ರ ಅವಳನ್ನು ಆಗಾಗ ಚುಚ್ಚುತ್ತಿತ್ತು. ಈ ಜೋಳ ವಿಷವೆಂದು ಅವಳು ನಂಬಿರಲಿಲ್ಲ, ಅಮೃತವೆಂದೂ ನಂಬಿರಲಿಲ್ಲ. ಗೊತ್ತಿಲ್ಲದ್ದಕ್ಕೇ ತಾನೇ ಪರೀಕ್ಷೆ. ನಾಳೆ ಕೋಟಿ ಜನ ತಿನ್ನಬಹುದಾದ ಕಾಳಿನ ಬಗ್ಗೆ ಒಂದು ನೇರವಾದ ಪ್ರಶ್ನೆ ಕೇಳಿದ್ದಾರೆ, ಅದರ ನೇರವಾದ ಉತ್ತರವನ್ನು ತಾನು ಕೈಯಾರೆ ಕೆಡಿಸುತ್ತಿದ್ದೇನೆ. ಹನ್ನೊಂದು ವರ್ಷದ ಹಿಂದಿನ ಸೆಲ್ವಿ ಇದನ್ನು ಕ್ಷಮಿಸುತ್ತಿರಲಿಲ್ಲ. ಆದರೆ ಆ ಸೆಲ್ವಿಯ ಚೀಲವನ್ನು ಯಾರೂ ಮೇಜಿನ ಮೇಲೆ ಸುರಿದಿರಲಿಲ್ಲ. ಪರೀಕ್ಷೆ ಇನ್ನೊಂದು ಸಲ ಆಗುತ್ತದೆ, ಬೇರೆ ಊರಲ್ಲಿ, ಬೇರೆ ಸಹಿಯ ಕೆಳಗೆ. ಆಗಲಿ.

ಅಪ್ಪನಿಗೆ ಅವಳಲ್ಲಿ ಏನೋ ಬದಲಾವಣೆ ಕಂಡಿತ್ತು. ಒಂದು ಭಾನುವಾರ ಮಧ್ಯಾಹ್ನ, ಕೆಮ್ಮು ನಿಂತ ಮೇಲೆ, ಕೇಳಿದ.

"ಆಫೀಸಲ್ಲಿ ಏನಾದರೂ ಬಡ್ತಿ ಗಿಡ್ತಿ ಬಂತಾ ಮಾ? ಮುಖ ತೆಳುವಾಗಿದೆ, ಆದರೆ ಹೊಳೀತಿದೆ."

"ಬರತ್ತಪ್ಪಾ. ಇನ್ನು ಐದು ವಾರ."

ಹೆಸರು ಹಾಕದ ಮೂಗರ್ಜಿ ಬರೆಯುವ ಯೋಚನೆಯನ್ನು ಅವಳು ಹತ್ತಿರಕ್ಕೂ ಬಿಟ್ಟುಕೊಳ್ಳಲಿಲ್ಲ. ಕಾಗದ ಬರೆದವರು ಕಾಗದದಿಂದಲೇ ಸಿಕ್ಕಿಬೀಳುತ್ತಾರೆ. ಇಲ್ಲಿ ಬರೆಯುವ ಅಗತ್ಯವೇ ಇರಲಿಲ್ಲ. ನಿಯಮದ ಪ್ರಕಾರ ಅವರೇ ಬರುತ್ತಾರೆ, ಅವರೇ ನೀಲಿ ಹಿಟ್ಟಿಗೆ ಪಟ್ಟಿ ಅದ್ದುತ್ತಾರೆ, ಅವರ ಕಣ್ಣೆದುರೇ ಎರಡನೆಯ ಗೆರೆ ಏಳುತ್ತದೆ. ಆಗ ಅವಳು ಮಾಡಬೇಕಾದದ್ದು ಒಂದೇ. ವೇಣುಗೋಪಾಲ್ ತಪ್ಪನ್ನು ಯಾರ ಮೇಲಾದರೂ ಹಾಕಲು ನೋಡುತ್ತಾನೆ. ಹಾಕಲು ಬಿಡಬಾರದು. ಅದಕ್ಕೆ ಬೇಕಾದ ಮಾತನ್ನು ಅವಳು ಸ್ನಾನ ಮಾಡುವಾಗ, ಬಸ್ಸಿನಲ್ಲಿ, ಒಲೆಯ ಮುಂದೆ, ಎಷ್ಟು ಸಲ ಮನಸ್ಸಿನಲ್ಲೇ ಆಡಿದ್ದಳೋ. ಹಳದಿ ಕೋಣೆಯ ಕೀ ನಿಮ್ಮ ಹತ್ತಿರ ಮಾತ್ರ ಅಲ್ವಾ ಸಾರ್?

ಹದಿಮೂರನೆಯ ವಾರದ ಶುಕ್ರವಾರ ದಿಲ್ಲಿಯ ಸಮಿತಿಯವರು ತಪಾಸಣೆಗೆ ಬಂದರು. ಇಬ್ಬರು. ಒಬ್ಬ ಬರೆದುಕೊಳ್ಳುವವನು. ಇನ್ನೊಬ್ಬ ಆದಿನಾರಾಯಣ ಎಂಬ ವಯಸ್ಸಾದ ವಿಜ್ಞಾನಿ, ಕೋಲಾರ ಸೀಮೆಯವನೇ, ಸಣ್ಣ ದನಿಯಲ್ಲಿ ಮಾತಾಡುವ ಮನುಷ್ಯ. ವೇಣುಗೋಪಾಲ್ ಹೊಸ ಶರ್ಟು ತೊಟ್ಟಿದ್ದ. ಪರದೆಯ ಮೇಲೆ ಅಂಕಿಗಳನ್ನು ತೋರಿಸಿದ. ಎರಡು ಗುಂಪಿನ ತೂಕ, ರಕ್ತ, ಎಲ್ಲವೂ ಜೋಡಿ ಗೆರೆಗಳಂತೆ ಒಟ್ಟೊಟ್ಟಿಗೆ ಸಾಗಿದ್ದವು.

"ಇಷ್ಟು ನೀಟಾಗಿ ಬಂದದ್ದನ್ನ ನಾನು ನೋಡಿರಲಿಲ್ಲ," ಅಂದ ಆದಿನಾರಾಯಣ. ಹೊಗಳಿದನೋ ಹೇಗೋ ತಿಳಿಯಲಿಲ್ಲ.

"ಸ್ವತಃ ನಿಂತು ಮಾಡಿಸಿದ್ದು ಸಾರ್," ಅಂದ ವೇಣುಗೋಪಾಲ್.

ಆಮೇಲೆ ಎಲ್ಲರೂ ನೀಲಿ ಡ್ರಮ್ಮಿನ ಕೋಣೆಗೆ ಹೋದರು. ಮಾದರಿಯ ಚೀಟಿ ಬರೆಯಲು ಸೆಲ್ವಿ ಬೇಕಿತ್ತು, ಡ್ರಮ್ಮು ತೆರೆಯಲು ಮುನಿಲಕ್ಷ್ಮಿ. ಆದಿನಾರಾಯಣ ತನ್ನ ಚೀಲದಿಂದ ಪಟ್ಟಿ ತೆಗೆದು, ಹಿಟ್ಟು ಕದಡಿದ ನೀರಿಗೆ ಅದ್ದಿ, ಕೈಗಡಿಯಾರ ನೋಡಿಕೊಂಡ. ಸೆಲ್ವಿ ಉಸಿರು ಬಿಗಿಹಿಡಿಯಲಿಲ್ಲ. ಗೊತ್ತಿದ್ದದ್ದಕ್ಕೆ ಯಾಕೆ ಕಾತರ?

ಎರಡು ಗೆರೆ.

ಇನ್ನೊಂದು ಪಟ್ಟಿ. ಎರಡು ಗೆರೆ. ಎರಡನೆಯ ಡ್ರಮ್ಮು. ಎರಡು ಗೆರೆ.

"ಸಾಧ್ಯವೇ ಇಲ್ಲ," ಅಂದ ವೇಣುಗೋಪಾಲ್.

ಅವನ ಮುಖವನ್ನು ಸೆಲ್ವಿ ಆಸೆಯಿಂದ ನೋಡಿದಳು. ಹದಿನೇಳು ತಿಂಗಳಿಂದ ಅವಳು ಕಾದದ್ದು ಇದಕ್ಕೇ. ಭಯಕ್ಕಿಂತ ಹೆಚ್ಚಾಗಿ ಅಲ್ಲಿ ದಿಗ್ಭ್ರಮೆ ಇತ್ತು, ಕಾಣಬಾರದ್ದನ್ನು ಕಂಡವನ ಹಾಗೆ. "ಸಾಧ್ಯವೇ ಇಲ್ಲ ಸಾರ್. ಆ ಜೋಳ ಇಲ್ಲಿಗೆ ಬರೋಕೆ ಸಾಧ್ಯವೇ ಇಲ್ಲ." ಆಮೇಲೆ ಸೆಲ್ವಿ ಎಣಿಸಿದ್ದಂತೆಯೇ ಸುತ್ತ ನೋಡಿ, ಎಲ್ಲರಿಗಿಂತ ಕೆಳಗಿದ್ದವಳ ಮೇಲೆ ಬೆರಳು ಇಟ್ಟ. "ಈ ಹೆಂಗಸು! ಸೌಟು ಅದಲು ಬದಲು ಮಾಡಿದ್ದಾಳೆ. ಓದು ಬರಹ ಇಲ್ಲದವರನ್ನ ಇಟ್ಟುಕೊಂಡರೆ ಹೀಗೇ."

"ಅಯ್ಯೋ ಸ್ವಾಮಿ, ನಾನ್ಯಾಕ್ ಆ ಕೆಲ್ಸ ಮಾಡ್ಲಿ?" ಮುನಿಲಕ್ಷ್ಮಿಯ ದನಿ ಒಡೆಯಿತು. "ನನ್ ಮಕ್ಳಾಣೆ, ಇದರ ಸೌಟು ಅದುಕ್ಕಾಕಿಲ್ಲ. ಅಕ್ಕಾ, ನೀನಾದ್ರೂ ಏಳಕ್ಕ!"

ಸೆಲ್ವಿ ಚೀಟಿ ಪುಸ್ತಕವನ್ನು ಮುಚ್ಚಿ ಕೆಳಗಿಟ್ಟಳು. ಒಂದೊಂದೇ ಮಾತು ಬಿಡಿಸಿ ಆಡಿದಳು.

"ಇವಳ ಕೈಗೆ ಸಿಗೋದು ವಾರಕ್ಕೆ ಅಳೆದು ಕೊಟ್ಟ ಹಳದಿ ಹಿಟ್ಟು ಮಾತ್ರ. ಹಾಕಿದ್ದು, ಉಳಿದದ್ದು, ಎಲ್ಲಾನೂ ನಾನೇ ತೂಕ ಮಾಡಿ ಬರ್ಕೊಂಡಿದೀನಿ, ಹದಿಮೂರು ವಾರ ಒಂದು ಹಿಡಿ ಆಚೀಚೆ ಆಗಿಲ್ಲ. ಮಿಕ್ಕ ಹೊಸ ಹಿಟ್ಟೆಲ್ಲ ಇರೋದು ಹಳದಿ ಕೋಣೇಲಿ. ಅದರ ಕೀ ನಿಮ್ಮ ಹತ್ತಿರ ಮಾತ್ರ ಅಲ್ವಾ ಸಾರ್? ಒಳಗೆ ಹೋಗೋರು ನೀವೊಬ್ಬರೇ. ಹಾಗಿದ್ರೆ ಅಲ್ಲಿಂದ ಇಲ್ಲಿಗೆ ತಂದೋರು ಯಾರು?"

ಬರೆದುಕೊಳ್ಳುವವನ ಪೆನ್ನು ಓಡುತ್ತಿತ್ತು. ಮುನಿಲಕ್ಷ್ಮಿ ಸೆಲ್ವಿಯ ಕೈ ಹಿಡಿದುಕೊಂಡಳು. ಅಪ್ಪಾ, ಎಂದುಕೊಂಡಳು ಸೆಲ್ವಿ, ನೀನು ಇಲ್ಲಿ ಇರಬೇಕಿತ್ತು.

"ಇವರು ಹೇಳೋದು ಸರಿ," ಅಂದ ಆದಿನಾರಾಯಣ. "ಹಳದಿ ಕೋಣೆ ತೆಗೀರಿ. ಅಲ್ಲಿನ ಗೆರೆ ಎಷ್ಟು ಗಾಢ, ಇಲ್ಲಿನದು ಎಷ್ಟು, ಪಕ್ಕ ಪಕ್ಕ ಇಟ್ಟು ನೋಡೋಣ. ಎಷ್ಟು ಬೆರೆತಿದೆ ಅಂತ ಅಂದಾಜು ಸಿಗತ್ತೆ."

ವೇಣುಗೋಪಾಲ್ ಜೇಬಿಗೆ ಕೈ ಹಾಕಲು ತಡ ಮಾಡಿದ. ಕ್ಯಾಮೆರಾ ಕೆಟ್ಟಿದೆ ಅಂದ, ಗೌನು ಇಲ್ಲದೆ ಹೋಗಬಾರದು ಅಂದ. ಆದಿನಾರಾಯಣ ಸುಮ್ಮನೆ ಬಾಗಿಲ ಮುಂದೆ ನಿಂತು ಕಾದ. ಬೀಗ ಬಿಚ್ಚಿತು.

ಹಳದಿ ಚೀಟಿಯ ಡ್ರಮ್ಮಿನ ಹಿಟ್ಟಿಗೆ ಅದ್ದಿದ ಪಟ್ಟಿಯಲ್ಲಿ ಮೂಡಿದ್ದು ಒಂದೇ ಗೆರೆ. ಪಟ್ಟಿ ಕೆಟ್ಟಿರಬೇಕೆಂದು ಆದಿನಾರಾಯಣ ಇನ್ನೊಂದು ಅದ್ದಿದ, ಎರಡನೆಯ ಡ್ರಮ್ಮಿಗೆ ಅದ್ದಿದ, ಮೂಟೆಯ ತಳ ಕೊಡವಿ ಅದಕ್ಕೂ ಅದ್ದಿದ. ಒಂದೇ ಗೆರೆ. ಆ ಕೋಣೆಯಲ್ಲಿ ಹೊಸ ಜೋಳ ಒಂದು ಕಾಳೂ ಇರಲಿಲ್ಲ. ಎರಡು ಗುಂಪಿಗೂ ವ್ಯತ್ಯಾಸ ಕಾಣಬಾರದೆಂದು, ಬಾಗಿಲು ಹಾಕಿಕೊಂಡು, ಎರಡಕ್ಕೂ ಮಾಮೂಲಿ ಜೋಳವನ್ನೇ ತಿನ್ನಿಸಿದ್ದ ವೇಣುಗೋಪಾಲ್. ಆ ಎಂಬತ್ತು ಇಲಿಗಳ ಮುಂದೆ ಯಾರೂ ಯಾವ ಪ್ರಶ್ನೆಯನ್ನೂ ಇಟ್ಟಿರಲಿಲ್ಲ. ವಾರ ವಾರ ಸ್ಟೋರಿಗೆ ಬಂದ ಹಳದಿ ಎಂಜಲಿಗೆ ಒಂದೇ ಒಂದು ಪಟ್ಟಿ ಅದ್ದಿದ್ದರೆ ಅವನ ಕತೆ ಮೊದಲ ತಿಂಗಳಲ್ಲೇ ಮುಗಿಯುತ್ತಿತ್ತು, ಅವಳ ಕೈಗೆ ಒಂದು ಕಾಳಿನ ಕೊಳೆಯೂ ಅಂಟದೆ. ನೀಲಿಗೆ ಅದ್ದಿ ನೋಡಿದವಳು ಹಳದಿಗೆ ಅದ್ದಿರಲಿಲ್ಲ. "ಸ್ಟೋರಿನಿಂದ ಬಂದ ಮೂಟೆಯನ್ನೇ ನಾನು ಕಲಸಿದ್ದು ಸಾರ್," ಅನ್ನುತ್ತಿದ್ದ ವೇಣುಗೋಪಾಲ್, ಅವನ ಮುಖಕ್ಕೆ ನಿಧಾನವಾಗಿ ರಕ್ತ ವಾಪಸು ಬರುತ್ತಿತ್ತು, "ಮೂಟೆ ಕೊಟ್ಟದ್ದಕ್ಕೆ ಸಹಿ ಇವರದು." ಆದಿನಾರಾಯಣ ಸೆಲ್ವಿಯ ಕಡೆ ತಿರುಗಿದ. ಇಡೀ ಕಟ್ಟಡದಲ್ಲಿ ಹೊಸ ಜೋಳ ಇನ್ನೆಲ್ಲಿ ಇರಬೇಕು ಎಂದು ಕೇಳಿದ. ಅವಳು ಹೇಳುವ ಮೊದಲೇ ಅವನಿಗೇ ನೆನಪಾಯಿತು. ಆ ಕೋಣೆಯ ಒಂದೇ ಕೀ ಇದ್ದದ್ದು ಅವಳ ಹತ್ತಿರ, ಆ ಚೀಲದ ಮೂರರಲ್ಲೊಂದು ಪಾಲು ಬಂಗಾರಪೇಟೆಯ ಜೋಳ. "ಮೀಸಲು ಚೀಲ ತನ್ನಿ ಅಮ್ಮ," ಅಂದ, ಅದೇ ಸಣ್ಣ ದನಿಯಲ್ಲಿ, "ಒಂದೊಂದೇ ಕಾಳು ತೆಗೆದು ನೋಡೋಣ."